ದೋಣಿಗಿಂತ ಮೊದಲು ಗಾಳಿಯನ್ನು ಆರಿಸಿ: ಅಯೋನಿಯನ್ ದ್ವೀಪಗಳಲ್ಲಿ ಒಂದು ವಾರದ ಹಾಯಿದೋಣಿ ಪ್ರವಾಸ

ಮೆಡಿಟರೇನಿಯನ್ ದ್ವೀಪಗಳ ನಡುವೆ ಹಾಯಿದೋಣಿಯಲ್ಲಿ ಒಂದು ವಾರ ಕಳೆಯಬೇಕು ಎಂದುಕೊಂಡವರು ಮೊದಲು ನೋಡುವುದು ದೋಣಿಯ ಫೋಟೊಗಳನ್ನು. ಎಷ್ಟು ಕ್ಯಾಬಿನ್, ಎಷ್ಟು ಉದ್ದ, ಎಷ್ಟು ಹೊಸದು. ನಾವೂ ಮೊದಲ ಸಲ ಅದನ್ನೇ ನೋಡಿದೆವು. ಜುಲೈ ಕೊನೆಯಲ್ಲಿ ಗ್ರೀಸ್‌ನ ಸೈಕ್ಲಡೀಸ್ ದ್ವೀಪಗಳಿಗೆ ಹೋಗಿ, ಚೆಂದದ ದೋಣಿಯನ್ನು ಮೂರು ದಿನ ಬಂದರಿನಲ್ಲೇ ಕಟ್ಟಿ ಕೂತೆವು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ, ಬಿಸಿಲು ಕಣ್ಣು ಕುಕ್ಕುತ್ತಿತ್ತು, ಆದರೆ ಹೊರಗೆ ಕಡಲು ಬೆಳ್ಳಗೆ ನೊರೆಗಟ್ಟಿತ್ತು. ಎರಡು ವರ್ಷ ಬಿಟ್ಟು ಅದೇ ದೇಶದ ಪಶ್ಚಿಮ ಮಗ್ಗುಲಿನ ಅಯೋನಿಯನ್ ಸಮುದ್ರಕ್ಕೆ ಹೋದೆವು. ದೋಣಿ ಹಳೆಯದು, ಕ್ಯಾಬಿನ್ ಚಿಕ್ಕವು. ಆದರೆ ಒಂದು ದಿನವೂ ಹಾಯಿ ಬಿಚ್ಚದೆ ಉಳಿಯಲಿಲ್ಲ.

ಹಾಗಾಗಿ ಈ ಬರಹ ದೋಣಿಯಿಂದ ಶುರುವಾಗುವುದಿಲ್ಲ, ಗಾಳಿಯಿಂದ ಶುರುವಾಗುತ್ತದೆ. ಮೊದಲ ಸಲ ಹೋಗುವ ನಾಲ್ಕರಿಂದ ಆರು ಜನರ ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡು, ಲೆಫ್ಕಾಡಾ ದ್ವೀಪದಿಂದ ಹೊರಟು ಅಲ್ಲಿಗೇ ಮರಳುವ ಏಳು ದಿನಗಳ ಸುತ್ತನ್ನು ಉದಾಹರಣೆಯಾಗಿ ತೆಗೆದುಕೊಂಡು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಾವ ನೀರು, ಯಾವ ತಿಂಗಳು

ಗ್ರೀಸ್‌ನ ಪೂರ್ವಕ್ಕೆ ಏಜಿಯನ್ ಸಮುದ್ರ, ನಾವು ಮೊದಲು ಹೋದ ಸೈಕ್ಲಡೀಸ್ ಇರುವುದು ಅದರಲ್ಲೇ. ಪಶ್ಚಿಮಕ್ಕೆ ಅಯೋನಿಯನ್. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಮೇಲೆ ಉತ್ತರದಿಂದ ಬೀಸುವ ಒಣಗಾಳಿಯೇ ಮೆಲ್ಟೆಮಿ. ಗಾಳಿಯ ಬಲವನ್ನು ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ ಅದು 5ರಿಂದ 7ರ ತನಕ ಹೋಗುತ್ತದೆ. 7 ಅಂದರೆ 28ರಿಂದ 33 ನಾಟ್, ಗಂಟೆಗೆ ಸುಮಾರು 52ರಿಂದ 61 ಕಿಲೋಮೀಟರ್. ಅದು ಒಮ್ಮೆ ಹಿಡಿದರೆ ಹಗಲು ರಾತ್ರಿ ಎನ್ನದೆ ಹಲವು ದಿನ ಬೀಸುತ್ತದೆ. ಅನುಭವಿಗಳಿಗೆ ಅದೇ ಸಂಭ್ರಮ, ಮಕ್ಕಳು ಮತ್ತು ಅಜ್ಜಿಯನ್ನು ಕರೆದುಕೊಂಡು ಹೋದವರಿಗೆ ಅಲ್ಲ.

ಅಯೋನಿಯನ್‌ನಲ್ಲಿ ಬೇಸಿಗೆಯ ಗಾಳಿಯ ಹೆಸರು ಮೈಸ್ತ್ರೋ. ವಾಯವ್ಯದಿಂದ ಬರುತ್ತದೆ. ಇದರ ದಿನಚರಿಯನ್ನು ಬಾಯಿಪಾಠ ಮಾಡಿಕೊಳ್ಳಿ, ಏಕೆಂದರೆ ನಿಮ್ಮ ಇಡೀ ವಾರ ಇದರ ಮೇಲೆ ನಿಂತಿದೆ. ಬೆಳಿಗ್ಗೆ ಕಡಲು ಕನ್ನಡಿಯ ಹಾಗೆ. ಬಿಸಿಲಿಗೆ ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆ ಸಣ್ಣ ಸುಕ್ಕು ಏಳುತ್ತದೆ. ಮೂರು, ನಾಲ್ಕು ಗಂಟೆಗೆ ಬಲ 4, ಕೆಲವೊಮ್ಮೆ 5. ಸೂರ್ಯ ಮುಳುಗುವಾಗ ತಣ್ಣಗಾಗುತ್ತದೆ. ದ್ವೀಪಗಳು ಒಂದಕ್ಕೊಂದು ಹತ್ತಿರ ಇರುವುದರಿಂದ ದೊಡ್ಡ ಅಲೆ ಎದ್ದು ಬರಲು ಜಾಗವೂ ಕಡಿಮೆ. ಬೆಳಿಗ್ಗೆ ಈಜು, ಮಧ್ಯಾಹ್ನ ಹಾಯಿ, ಸಂಜೆ ಊರು ಎಂಬ ಕ್ರಮವನ್ನು ಗಾಳಿಯೇ ಹಾಕಿಕೊಡುತ್ತದೆ.

ಉಬ್ಬರ ಇಳಿತದ ಚಿಂತೆಯೂ ಇಲ್ಲಿಲ್ಲ. ನಮ್ಮ ಕರಾವಳಿಯಲ್ಲಿ ಅಳಿವೆ ದಾಟಲು ದೋಣಿಯವರು ಉಬ್ಬರಕ್ಕೆ ಕಾಯುತ್ತಾರಲ್ಲ, ಈ ದ್ವೀಪಗಳಲ್ಲಿ ನೀರು ಏರಿಳಿಯುವುದು ಹೆಚ್ಚೆಂದರೆ ಒಂದಡಿಯ ಆಸುಪಾಸು.

ತಿಂಗಳ ಆಯ್ಕೆಯಲ್ಲಿ ಕರ್ನಾಟಕದ ಶಾಲೆಗಳ ರಜೆ ನಮಗೆ ಅನುಕೂಲವಾಗಿಯೇ ಕೂಡಿಬರುತ್ತದೆ. ಮೇ ಎರಡನೆಯ ಅರ್ಧದಲ್ಲಿ ಬೆಟ್ಟಗಳು ಇನ್ನೂ ಹಸಿರು, ಬಂದರುಗಳಲ್ಲಿ ಜಾಗ ಸುಲಭ, ಬಾಡಿಗೆ ಆಗಸ್ಟ್‌ಗಿಂತ ಎಷ್ಟೋ ಕಡಿಮೆ. ನೀರು ಮಾತ್ರ ಸ್ವಲ್ಪ ತಣ್ಣಗಿರುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲೆರಡು ವಾರ ಎಲ್ಲಕ್ಕಿಂತ ಚೆನ್ನ, ಬೇಸಿಗೆಯಿಡೀ ಕಾದ ನೀರು ಆಗ ಬೆಚ್ಚಗಿರುತ್ತದೆ. ದಸರಾ ರಜೆಯಲ್ಲೂ ಹೋಗಬಹುದು, ಆದರೆ ಶರತ್ಕಾಲದಲ್ಲಿ ಗುಡುಗು ಮಳೆ ಶುರುವಾಗುತ್ತದೆ ಎಂಬುದನ್ನು ಮರೆಯಬೇಡಿ. 2020ರ ಸೆಪ್ಟೆಂಬರ್ ಮಧ್ಯದಲ್ಲಿ ಇಯಾನೋಸ್ ಎಂಬ ಮೆಡಿಟರೇನಿಯನ್ ಚಂಡಮಾರುತ ಇಲ್ಲಿನ ಕೆಫಲೋನಿಯಾ ಮತ್ತು ಇಥಾಕಾ ದ್ವೀಪಗಳ ಮೇಲೆ ಬಿದ್ದು ಎಷ್ಟೋ ದೋಣಿಗಳನ್ನು ದಡಕ್ಕೆ ಎಸೆದಿತ್ತು. ಅಂಥದ್ದು ಅಪರೂಪ. ಮುನ್ಸೂಚನೆ ನೋಡುವ ಅಭ್ಯಾಸ ಮಾತ್ರ ಯಾವ ತಿಂಗಳಲ್ಲೂ ಬಿಡಬಾರದು.

ಎರಡನೆಯದು: ಚುಕ್ಕಾಣಿ ಯಾರ ಕೈಯಲ್ಲಿ

ಇಲ್ಲಿ ಮೂರು ದಾರಿಗಳಿವೆ. ದೋಣಿಯನ್ನು ಮಾತ್ರ ಬಾಡಿಗೆಗೆ ಪಡೆದು ನೀವೇ ನಡೆಸುವುದು ಬೇರ್‌ಬೋಟ್. ದೋಣಿಯ ಜೊತೆ ಅದನ್ನು ನಡೆಸುವ ಸ್ಕಿಪ್ಪರ್ ಒಬ್ಬರನ್ನು ದಿನಗೂಲಿಯ ಮೇಲೆ ಕರೆದುಕೊಂಡು ಹೋಗುವುದು ಎರಡನೆಯದು. ಮೂರನೆಯದು ಫ್ಲೋಟಿಲಾ: ಹತ್ತು ಹನ್ನೆರಡು ದೋಣಿಗಳು ಒಟ್ಟಿಗೆ ಹೊರಡುತ್ತವೆ, ಒಂದು ಮುಂದಾಳು ದೋಣಿ ಇರುತ್ತದೆ, ಅದರಲ್ಲಿ ಮೆಕ್ಯಾನಿಕ್ ಇರುತ್ತಾರೆ. ಬೆಳಿಗ್ಗೆ ಎಲ್ಲರಿಗೂ ದಾರಿ ವಿವರಿಸುತ್ತಾರೆ, ಸಂಜೆ ಬಂದರಿನಲ್ಲಿ ನಿಂತು ಹಗ್ಗ ಹಿಡಿದುಕೊಳ್ಳುತ್ತಾರೆ.

ಬೇರ್‌ಬೋಟ್‌ಗೆ ಗ್ರೀಸ್‌ನಲ್ಲಿ ಹಾಯಿದೋಣಿ ನಡೆಸುವ ಪ್ರಮಾಣಪತ್ರ ಬೇಕು, ಜೊತೆಗೆ ದೋಣಿಯ ಕೆಲಸ ಬಲ್ಲ ಇನ್ನೊಬ್ಬರು ಇರಬೇಕು. ಐಸಿಸಿ ಎಂದು ಕರೆಯುವ ಅಂತಾರಾಷ್ಟ್ರೀಯ ಪ್ರಮಾಣಪತ್ರ ಎಲ್ಲರಿಗೂ ಪರಿಚಿತ. ನಿಮ್ಮಲ್ಲಿ ಬೇರೆ ಸಂಸ್ಥೆಯದ್ದಿದ್ದರೆ ಅದರ ಪ್ರತಿಯನ್ನು ಬುಕಿಂಗ್‌ಗೆ ಮೊದಲೇ ಕಂಪನಿಗೆ ಕಳಿಸಿ, ಬಂದರು ಅಧಿಕಾರಿಗಳು ಇದನ್ನು ಒಪ್ಪುತ್ತಾರೆ ಎಂಬ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ಸಿಕ್ಕ ಭರವಸೆ ಶನಿವಾರ ಸಂಜೆ ಕೌಂಟರಿನ ಮುಂದೆ ನಿಂತಾಗ ಕೆಲಸಕ್ಕೆ ಬರುವುದಿಲ್ಲ.

ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಚೆನ್ನೈಯಲ್ಲಿ, ಮುಂಬೈಯಲ್ಲಿ ಸಣ್ಣ ದೋಣಿಯ ಮೇಲೆ ಹಾಯಿ ಕಲಿತವರು ನಮ್ಮಲ್ಲಿ ಈಗ ಸಾಕಷ್ಟಿದ್ದಾರೆ. ಆ ವಿದ್ಯೆ ದೊಡ್ಡದು, ಗಾಳಿ ಎತ್ತಲಿಂದ ಬರುತ್ತಿದೆ ಎಂಬುದು ಅವರಿಗೆ ಕೆನ್ನೆಯಲ್ಲೇ ಗೊತ್ತಾಗುತ್ತದೆ. ಆದರೆ 40 ಅಡಿಯ ದೋಣಿಯನ್ನು ಇಕ್ಕಟ್ಟಾದ ಬಂದರಿಗೆ ಹಿಮ್ಮುಖವಾಗಿ ನುಗ್ಗಿಸುವುದು ಬೇರೆಯೇ ಕೆಲಸ. ಆದ್ದರಿಂದ ಮೊದಲ ಸಲ ಸ್ಕಿಪ್ಪರ್ ಇರಲಿ, ಅಥವಾ ಫ್ಲೋಟಿಲಾ ಸೇರಿ ಎಂಬುದು ನನ್ನ ಗಟ್ಟಿಯಾದ ಸಲಹೆ. ನಾನು ನೋಡಿರುವ ದರಗಳಲ್ಲಿ ಸ್ಕಿಪ್ಪರ್ ಕೂಲಿ ದಿನಕ್ಕೆ 180ರಿಂದ 250 ಯೂರೋ, ಊಟ ನಿಮ್ಮದು. ಅವರಿಗೆ ಮಲಗಲು ಒಂದು ಕ್ಯಾಬಿನ್ ಬಿಡಬೇಕು, ದೋಣಿ ಆರಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೂರನೆಯದು: ದೋಣಿ ಮತ್ತು ಕರಾರು

ಈಗ ಫೋಟೊ ನೋಡಬಹುದು. ಒಂಟಿ ಒಡಲಿನ ದೋಣಿ ಗಾಳಿಗೆ ವಾಲುತ್ತದೆ, ಬಾಡಿಗೆ ಕಡಿಮೆ, ಹಾಯಿಯ ನಿಜವಾದ ಸುಖ ಅದರಲ್ಲೇ. ಕ್ಯಾಟಮರಾನ್‌ಗೆ ಎರಡು ಒಡಲು, ವಾಲುವುದಿಲ್ಲ, ಅಗಲವಾದ ಅಂಗಳದಂಥ ಜಾಗವಿರುತ್ತದೆ, ವಯಸ್ಸಾದವರಿಗೂ ಚಿಕ್ಕ ಮಕ್ಕಳಿಗೂ ಒಳ್ಳೆಯದು. ಬಾಡಿಗೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಚಿಕ್ಕ ಬಂದರುಗಳಲ್ಲಿ ಅದಕ್ಕೆ ಜಾಗ ಸಿಗುವುದೂ ಕಷ್ಟ. ಅಂದಹಾಗೆ ಆ ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದು. ದಡಕ್ಕೆ ಹೋಗಿಬರುವ ಪುಟ್ಟ ದೋಣಿಯನ್ನು ಎಲ್ಲರೂ ಡಿಂಗಿ ಎನ್ನುತ್ತಾರಲ್ಲ, ಅದೂ ನಮ್ಮ ಕಡೆಯಿಂದಲೇ ಹೋದ ಪದ. ಗ್ರೀಸ್‌ನ ಬಂದರಿನಲ್ಲಿ ಈ ಎರಡು ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನಾಲ್ಕು ಜನರಿಗೆ 36 ಅಡಿ, ಆರು ಜನರಿಗೆ 40 ಅಡಿ ಸಾಕು. ಎಂಟು ಜನ ಮಲಗಬಹುದು ಎಂದು ಬರೆದಿದ್ದರೆ ಅದರಲ್ಲಿ ಊಟದ ಮೇಜನ್ನು ಇಳಿಸಿ ಮಾಡುವ ಹಾಸಿಗೆಯೂ ಸೇರಿರುತ್ತದೆ.

ಬಾಡಿಗೆ ವಾರದ ಲೆಕ್ಕ, ಸಾಮಾನ್ಯವಾಗಿ ಶನಿವಾರದಿಂದ ಶನಿವಾರ. ಶನಿವಾರ ಸಂಜೆ ಐದರ ಹೊತ್ತಿಗೆ ದೋಣಿ ಕೈಗೆ ಬರುತ್ತದೆ, ಮುಂದಿನ ಶುಕ್ರವಾರ ಸಂಜೆ ಮರಳಬೇಕು, ಶನಿವಾರ ಬೆಳಿಗ್ಗೆ ಒಂಬತ್ತರೊಳಗೆ ಖಾಲಿ ಮಾಡಬೇಕು. ಅಂದರೆ ನಿಜವಾಗಿ ಸಾಗುವುದಕ್ಕೆ ಸಿಗುವುದು ಆರು ದಿನ.

ಕರಾರಿಗೆ ಸಹಿ ಹಾಕುವ ಮೊದಲು ಇವನ್ನು ಕೇಳಿ:

- ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ?
- ಕೊನೆಯ ದಿನದ ಸ್ವಚ್ಛತೆ, ಹಾಸಿಗೆ ಬಟ್ಟೆ, ಡಿಂಗಿಯ ಎಂಜಿನ್, ಗ್ಯಾಸ್ ಇವೆಲ್ಲ ಒಳಗೋ ಹೊರಗೋ?
- ಠೇವಣಿ ಎಷ್ಟು, ಎಷ್ಟು ದಿನದಲ್ಲಿ ಹಿಂದಿರುಗಿಸುತ್ತಾರೆ?
- ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸ್?
- ದೋಣಿ ಕೆಟ್ಟರೆ ಎಷ್ಟು ಗಂಟೆಯೊಳಗೆ ಜನ ಬರುತ್ತಾರೆ, ಕಳೆದ ದಿನಗಳಿಗೆ ಏನು ಪರಿಹಾರ?

ಠೇವಣಿಯ ಬಗ್ಗೆ ಸ್ವಲ್ಪ ವಿವರ ಬೇಕು. 40 ಅಡಿಯ ದೋಣಿಗೆ 2,000ದಿಂದ 3,500 ಯೂರೋ ತನಕ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ನಮ್ಮ ಬ್ಯಾಂಕಿನ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತೆರೆದಿರಬೇಕು, ಮಿತಿ ಅಷ್ಟಿರಬೇಕು. ಕೆಲವು ಕಡೆ ಫಾರೆಕ್ಸ್ ಕಾರ್ಡನ್ನು ಠೇವಣಿಗೆ ಒಪ್ಪುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಹಿಂದಿರುಗಿಸದ ಒಂದು ಮೊತ್ತವನ್ನು ಕಟ್ಟಿ ಠೇವಣಿಯನ್ನು ತಗ್ಗಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಮೊದಲ ಸಲ ಹೋಗುವವರು ಅದನ್ನು ತೆಗೆದುಕೊಳ್ಳುವುದು ಲೇಸು. ಪ್ರತಿ ಸಂಜೆ ಬಂದರಿಗೆ ಹೋಗುವಾಗ ಮನಸ್ಸು ಹಗುರವಾಗಿದ್ದರೆ ಕೈಯೂ ಸರಿಯಾಗಿ ಓಡುತ್ತದೆ.

ವೀಸಾ ಮತ್ತು ಪ್ರಯಾಣ

ಗ್ರೀಸ್ ಷೆಂಗೆನ್ ದೇಶ. ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ಕನಿಷ್ಠ 30,000 ಯೂರೋ ರಕ್ಷಣೆಯ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ ಹಾಯಿದೋಣಿ ಪ್ರಯಾಣ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ, ಕೆಲವು ಪಾಲಿಸಿಗಳು ಇದನ್ನು ಸಾಹಸ ಕ್ರೀಡೆ ಎಂದು ಹೊರಗಿಡುತ್ತವೆ.

ಅರ್ಜಿಯಲ್ಲಿ ತಂಗುವ ವಿಳಾಸ ಕೇಳುತ್ತಾರೆ. ಏಳು ರಾತ್ರಿ ದೋಣಿಯಲ್ಲಿ ಎಂದು ಬರೆದು ಬಿಡಬೇಡಿ. ಬಾಡಿಗೆ ಕರಾರು, ದೋಣಿಯಲ್ಲಿ ಇರುವವರ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಯ ಪಟ್ಟಿ, ಹೊರಡುವ ಬಂದರಿನ ಹೆಸರು, ಮೊದಲ ಮತ್ತು ಕೊನೆಯ ರಾತ್ರಿಯ ಹೋಟೆಲ್ ಬುಕಿಂಗ್ ಎಲ್ಲ ಸೇರಿಸಿ ಒಂದು ಪುಟದ ವಿವರಣೆ ಜೊತೆಗಿಡಿ. ಅದೇ ಪಟ್ಟಿ ಬಂದರು ಅಧಿಕಾರಿಗಳಿಗೂ ಬೇಕಾಗುತ್ತದೆ. ಅದರಲ್ಲಿ ಹೆಸರಿಲ್ಲದವರು ದೋಣಿ ಹತ್ತುವಂತಿಲ್ಲ.

ಲೆಫ್ಕಾಡಾಗೆ ಹತ್ತಿರದ ವಿಮಾನ ನಿಲ್ದಾಣ ಪ್ರೆವೆಜಾದ ಆಕ್ಟಿಯೋ, ಟ್ಯಾಕ್ಸಿಯಲ್ಲಿ ಅರ್ಧ ಗಂಟೆ. ಕ್ರಿ.ಪೂ. 31ರಲ್ಲಿ ಆಂಟನಿ ಮತ್ತು ಕ್ಲಿಯೋಪಾತ್ರರ ನೌಕಾಪಡೆಯನ್ನು ಆಕ್ಟೇವಿಯನ್ ಸೋಲಿಸಿದ್ದು ಇದೇ ಆಕ್ಟಿಯೋದ ಎದುರಿನ ನೀರಿನಲ್ಲಿ. ಅಥೆನ್ಸ್‌ನಿಂದ ಬಸ್ಸಿನಲ್ಲಿ ಬರುವುದಾದರೆ ಐದು ಗಂಟೆಗೂ ಮೇಲೆ. ದ್ವೀಪವಾದರೂ ಲೆಫ್ಕಾಡಾಗೆ ಫೆರಿ ಬೇಡ, ತೇಲುವ ಸೇತುವೆಯೊಂದು ಅದನ್ನು ನೆಲಕ್ಕೆ ಸೇರಿಸಿದೆ. ದೋಣಿಗಳು ಹಾಯಲು ಆ ಸೇತುವೆ ಹಗಲಿನಲ್ಲಿ ಗಂಟೆಗೊಮ್ಮೆ ತೆರೆಯುತ್ತದೆ. ನೀವು ಲೆಫ್ಕಾಡಾ ಮರೀನಾದಿಂದ ಹೊರಟರೆ ಸೇತುವೆಯ ದಕ್ಷಿಣಕ್ಕೇ ಇರುತ್ತೀರಿ, ಕಾಯಬೇಕಾಗಿಲ್ಲ. ಪ್ರೆವೆಜಾದಿಂದ ಹೊರಟರೆ ಕಾಯಬೇಕು. ವಿಮಾನ ಶನಿವಾರವೇ ಇಳಿಯುವಂತೆ ಹಾಕಿಕೊಳ್ಳಬೇಡಿ, ಒಂದು ದಿನ ಮೊದಲೇ ಬನ್ನಿ. ಸಾಮಾನು ತಡವಾದರೆ ದೋಣಿ ಕಾಯಬಹುದು, ಆರು ದಿನದಲ್ಲಿ ಒಂದು ದಿನ ಹೋದರೆ ಮರಳಿ ಬರುವುದಿಲ್ಲ. ಸೂಟ್‌ಕೇಸ್ ಬೇಡ, ಮಡಚಿ ಇಡಬಹುದಾದ ಬಟ್ಟೆಯ ಚೀಲವೇ ಬೇಕು.

ದೋಣಿ ಕೈಗೆ ಬಂದಾಗ

ಇದಕ್ಕೆ ಪೂರ್ತಿ ಎರಡು ಗಂಟೆ ಎತ್ತಿಡಿ. ಎಲ್ಲರೂ ದಣಿದಿರುತ್ತಾರೆ, ಕಂಪನಿಯ ಹುಡುಗನಿಗೆ ಇನ್ನೂ ನಾಲ್ಕು ದೋಣಿ ಒಪ್ಪಿಸುವುದಿರುತ್ತದೆ. ಆದರೂ ಅವಸರ ಮಾಡಬೇಡಿ. ಹಳೆಯ ಗೀರುಗಳು, ತರಚುಗಳು, ಚುಕ್ಕಾಣಿ, ಪ್ರೊಪೆಲ್ಲರ್ ಎಲ್ಲದರ ಫೋಟೊ ತೆಗೆದು ಅವರೆದುರೇ ಪಟ್ಟಿಯಲ್ಲಿ ಬರೆಸಿ. ಹಾಯಿಗಳನ್ನು ಪೂರ್ತಿ ಬಿಚ್ಚಿ ನೋಡಿ, ಹರಿದದ್ದು ಸುತ್ತಿಟ್ಟಾಗ ಕಾಣುವುದಿಲ್ಲ. ಲಂಗರಿನ ಯಂತ್ರವನ್ನು ಕೆಳಗೂ ಮೇಲೂ ಓಡಿಸಿ, ಸರಪಳಿ ಎಷ್ಟು ಮೀಟರ್ ಇದೆ, ಗುರುತಿನ ಬಣ್ಣಗಳು ಎಲ್ಲೆಲ್ಲಿವೆ ಎಂದು ಕೇಳಿ. ಯಂತ್ರದ ಫ್ಯೂಸ್ ಎಲ್ಲಿದೆ ಎಂಬುದನ್ನು ತಪ್ಪದೆ ತಿಳಿದುಕೊಳ್ಳಿ. ಒಂದು ಸಂಜೆ ನಮ್ಮ ಲಂಗರು ಅರ್ಧ ದಾರಿಯಲ್ಲಿ ನಿಂತಾಗ ನಮ್ಮನ್ನು ಕಾಪಾಡಿದ್ದು ಆ ಒಂದು ಪ್ರಶ್ನೆಯ ಉತ್ತರ.

ಜೀವರಕ್ಷಕ ಜಾಕೆಟ್‌ಗಳನ್ನು ಒಬ್ಬೊಬ್ಬರೂ ಹಾಕಿ ನೋಡಿ, ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ಬುಕಿಂಗ್ ಮಾಡುವಾಗಲೇ ಅವರ ತೂಕ ತಿಳಿಸಿರಿ. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ತುರ್ತು ಕರೆಗೆ ಮೀಸಲು, ಅದನ್ನು ಹಾಕುವುದನ್ನು ಕನಿಷ್ಠ ಇಬ್ಬರು ಕಲಿಯಲಿ. ಫೋನಿನಲ್ಲಾದರೆ ಗ್ರೀಸ್ ಕರಾವಳಿ ಪಡೆಯ ಸಂಖ್ಯೆ 108, ಯೂರೋಪಿನ ಸಾಮಾನ್ಯ ತುರ್ತು ಸಂಖ್ಯೆ 112. ಎರಡನ್ನೂ ಒಂದು ಕಾಗದದಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿ.

ಶೌಚಾಲಯದ ನಿಯಮ ಎಲ್ಲರಿಗೂ ಮೊದಲ ದಿನವೇ ಹೇಳಿ: ನೀವು ತಿಂದದ್ದನ್ನು ಬಿಟ್ಟು ಬೇರೇನೂ ಒಳಗೆ ಹೋಗಬಾರದು, ಕಾಗದ ಕೂಡ. ಪೈಪು ಬೆರಳಿನಷ್ಟೇ ಕಿರಿದು, ಕಟ್ಟಿಕೊಂಡರೆ ರಜೆಯ ಒಂದು ದಿನ ಅದಕ್ಕೇ ಹೋಗುತ್ತದೆ. ಕುಡಿಯುವ ನೀರನ್ನು ಬಾಟಲಿಯಲ್ಲಿ ತನ್ನಿ. ಟ್ಯಾಂಕಿನ ನೀರು ಪಾತ್ರೆಗೆ, ಸ್ನಾನಕ್ಕೆ. 40 ಅಡಿಯ ದೋಣಿಯಲ್ಲಿ ಅದು ಮುನ್ನೂರು ನಾನೂರು ಲೀಟರ್ ಮಾತ್ರ. ಕಡಲಲ್ಲಿ ಈಜಿ, ಕೊನೆಗೆ ಒಂದು ತಂಬಿಗೆ ಸಿಹಿನೀರು ಮೈಮೇಲೆ ಸುರಿದುಕೊಂಡರೆ ಸಾಕಾಗುತ್ತದೆ.

ಅಡುಗೆ ಮತ್ತು ಊಟ

ದೋಣಿಯ ಅಡುಗೆಮನೆಯಲ್ಲಿ ಎರಡು ಉರಿಯ ಗ್ಯಾಸ್ ಒಲೆ ಇರುತ್ತದೆ. ದೋಣಿ ವಾಲಿದರೂ ಒಲೆ ತೂಗಿಕೊಂಡು ಸಮವಾಗಿ ನಿಲ್ಲುತ್ತದೆ. ಹಾಗಿದ್ದರೂ ಸಾಗುವಾಗ ಕುದಿಯುವ ಸಾರು ಇಡಬೇಡಿ. ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ದೋಣಿಯಲ್ಲಿ, ರಾತ್ರಿ ಊರಿನ ತಾವೆರ್ನಾದಲ್ಲಿ, ಅಂದರೆ ಅಲ್ಲಿನ ಊಟದ ಹೋಟೆಲಿನಲ್ಲಿ ಎಂದು ಇಟ್ಟುಕೊಂಡರೆ ಸಲೀಸು. ಅವಲಕ್ಕಿ, ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೂರು ಲೀಟರಿನ ಚಿಕ್ಕ ಕುಕ್ಕರ್ ಇಷ್ಟು ಚೀಲದಲ್ಲಿದ್ದರೆ ಆರು ಜನರ ವಾರ ನಡೆಯುತ್ತದೆ. ತುಪ್ಪ, ಪೇಡ, ಹಾಲಿನಿಂದ ಮಾಡಿದ ಯಾವುದನ್ನೂ ಭಾರತದಿಂದ ಒಯ್ಯಬೇಡಿ, ಯೂರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವನ್ನೂ ಬಿಟ್ಟು ಹೋಗಬೇಕು. ಬೇಳೆ ಬೇಕಿದ್ದರೆ ಲೆಫ್ಕಾಡಾದಲ್ಲೇ ಕೊಳ್ಳಿ. ಆ ದ್ವೀಪದ ಬೆಟ್ಟದ ಮೇಲಿನ ಎಂಗ್ಲುವಿ ಎಂಬ ಹಳ್ಳಿಯ ಮಸೂರ ಇಡೀ ಗ್ರೀಸ್‌ಗೆ ಹೆಸರುವಾಸಿ. ದುಬಾರಿಯೇ, ಆದರೆ ಅದರ ಸಾರಿನ ರುಚಿಯನ್ನು ನಮ್ಮ ಮನೆಯಲ್ಲಿ ಈಗಲೂ ನೆನೆಸಿಕೊಳ್ಳುತ್ತಾರೆ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಗ್ರೀಕರಿಗೆ ಧಾರ್ಮಿಕ ಉಪವಾಸದ ದಿನಗಳು ತುಂಬ, ಆಗ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಆ ಅಡುಗೆಗೆ ನಿಸ್ತೀಸಿಮೋ ಎನ್ನುತ್ತಾರೆ. ಈ ಒಂದು ಪದ ನಮಗೆ ಎಷ್ಟು ಬಾಗಿಲು ತೆರೆಯಿತೆಂದರೆ ಹೇಳತೀರದು. ಉಪವಾಸದಲ್ಲಿ ಏಡಿ, ಸಿಗಡಿ, ಕಪ್ಪೆಚಿಪ್ಪು ನಡೆಯುತ್ತವೆ ಎಂಬುದನ್ನು ನೆನಪಿಟ್ಟು ಅದನ್ನೂ ಕೇಳಿಕೊಳ್ಳಿ. ಬೇಳೆಯನ್ನು ನುಣ್ಣಗೆ ಬೇಯಿಸಿದ ಫಾವಾ, ಟೊಮೆಟೊ ಗೊಜ್ಜಿನಲ್ಲಿ ಬೆಂದ ದೊಡ್ಡ ಅವರೆಯಂಥ ಗಿಗಾಂಟೆಸ್, ಎಣ್ಣೆಯಲ್ಲಿ ಬೆಂದ ತರಕಾರಿಗಳ ಬ್ರಿಯಾಮ್, ಬೆಟ್ಟದ ಸೊಪ್ಪುಗಳ ಹೋರ್ತಾ, ಇವು ಹೆಚ್ಚಿನ ಕಡೆ ಸಿಗುತ್ತವೆ. ಅಕ್ಕಿ ತುಂಬಿದ ಟೊಮೆಟೊ, ದೊಣ್ಣೆಮೆಣಸಿನಕಾಯಿಗೆ ಗೆಮಿಸ್ತಾ ಎನ್ನುತ್ತಾರೆ. ಅದರಲ್ಲಿ ಕೆಲವರು ಕೊಚ್ಚಿದ ಮಾಂಸ ಸೇರಿಸುತ್ತಾರೆ, ವಿಚಾರಿಸಿ.

ದಾರಿ: ಲೆಫ್ಕಾಡಾದಿಂದ ಲೆಫ್ಕಾಡಾಗೆ

ದಿನಕ್ಕೆ ಹತ್ತರಿಂದ ಹದಿನೈದು ನಾಟಿಕಲ್ ಮೈಲಿ ಎಂದು ಹಾಕಿಕೊಳ್ಳಿ. ಒಂದು ನಾಟಿಕಲ್ ಮೈಲಿ 1.852 ಕಿಲೋಮೀಟರ್. ದೋಣಿ ಗಂಟೆಗೆ ಐದು ಮೈಲಿ ಹೋಗುತ್ತದೆ, ಅಂದರೆ ಎರಡು ಮೂರು ಗಂಟೆಯ ಪಯಣ. ಕಡಿಮೆ ಅನ್ನಿಸಬಹುದು. ಈಜು, ಊಟ, ಗಾಳಿಗೆ ಕಾಯುವುದು ಸೇರಿದರೆ ದಿನ ತುಂಬುತ್ತದೆ. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ: ಮಧ್ಯಾಹ್ನ ಮೂರಕ್ಕೆ ಮೊದಲು ಬಂದರು ಸೇರಿ. ಮೂರರ ನಂತರ ಗಾಳಿಯೂ ಜೋರು, ದೋಣಿಗಳೂ ಜಾಸ್ತಿ, ನಿಮ್ಮ ಕೈಯೂ ದಣಿದಿರುತ್ತದೆ.

ಭಾನುವಾರ ಬೆಳಿಗ್ಗೆ ಲೆಫ್ಕಾಡಾ ಕಾಲುವೆಯ ಮೂಲಕ ದಕ್ಷಿಣಕ್ಕೆ. ಕಾಲುವೆಯ ಎರಡೂ ಬದಿ ಆಳ ಕಡಿಮೆ, ಗುರುತುಗಳ ನಡುವೆಯೇ ಹೋಗಬೇಕು. ಹೊರಬಂದ ಮೇಲೆ ನೀದ್ರಿ ಊರು, ಅದರೆದುರು ಕಾಡು ತುಂಬಿದ ಸ್ಕೋರ್ಪಿಯೋಸ್. ಹಡಗಿನ ಉದ್ಯಮಿ ಅರಿಸ್ಟಾಟಲ್ ಒನಾಸಿಸ್ 1968ರ ಅಕ್ಟೋಬರಿನಲ್ಲಿ ಜಾಕ್ವೆಲಿನ್ ಕೆನಡಿಯನ್ನು ಮದುವೆಯಾದದ್ದು ಆ ದ್ವೀಪದಲ್ಲಿ. ರಾತ್ರಿ ಮೆಗಾನಿಸಿ ದ್ವೀಪದಲ್ಲಿ. ಅಲ್ಲಿನ ಸ್ಪಾರ್ತೊಹೋರಿ ಊರಿನ ಕೆಳಗೆ ತಾವೆರ್ನಾದವರೇ ದೋಣಿ ನಿಲ್ಲಲು ಕಟ್ಟೆ ಇಟ್ಟಿದ್ದಾರೆ, ಅವರಲ್ಲಿ ಊಟ ಮಾಡಿದರೆ ಕಟ್ಟುವ ಬಾಡಿಗೆ ಕೇಳುವುದಿಲ್ಲ. ತಳಕ್ಕೆ ಕಟ್ಟಿದ ಹಗ್ಗ ಅಲ್ಲೇ ಇರುವುದರಿಂದ ಲಂಗರು ಹಾಕುವ ಕೆಲಸವೂ ಇಲ್ಲ. ಮೊದಲ ರಾತ್ರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಸೋಮವಾರ ಪೂರ್ವಕ್ಕೆ, ಕಲಾಮೋಸ್ ಅಥವಾ ಕಾಸ್ತೋಸ್. ಕಲಾಮೋಸ್‌ನ ದಕ್ಷಿಣದ ಕೊಲ್ಲಿಯಲ್ಲಿ ಪೋರ್ಟ್ ಲಿಯೋನೆ ಎಂಬ ಊರಿತ್ತು. 1953ರ ಆಗಸ್ಟ್‌ನ ಭೂಕಂಪದ ನಂತರ ಜನ ಅದನ್ನು ಬಿಟ್ಟು ಹೋದರು. ಮನೆಗಳ ಗೋಡೆಗಳ ನಡುವೆ ಈಗ ಮರ ಬೆಳೆದಿವೆ, ಚರ್ಚು ಮಾತ್ರ ಸುಣ್ಣ ಬಳಿದುಕೊಂಡು ನಿಂತಿದೆ. ಅಲ್ಲಿ ಊಟಕ್ಕೆ ನಿಂತು, ಈಜಿ, ಸದ್ದು ಮಾಡದೆ ಒಂದು ಸುತ್ತು ನಡೆದು ಬನ್ನಿ.

ಮಂಗಳವಾರ ಇಥಾಕಾ, ಗ್ರೀಕ್ ಮಹಾಕಾವ್ಯದ ನಾಯಕ ಒಡಿಸ್ಸಿಯಸ್‌ನ ದ್ವೀಪ. ಕಿಯೋನಿ ಅಂಗೈಯಷ್ಟು ಬಂದರು, ಮಧ್ಯಾಹ್ನಕ್ಕೇ ತುಂಬುತ್ತದೆ. ಕಟ್ಟೆಯಲ್ಲಿ ಜಾಗವಿಲ್ಲದಿದ್ದರೆ ಲಂಗರು ಹಾಕಿ ಹಿಂಬದಿಯಿಂದ ಬಂಡೆಗೆ ಉದ್ದ ಹಗ್ಗ ಕಟ್ಟಬೇಕಾಗುತ್ತದೆ. ದಕ್ಷಿಣಕ್ಕೆ ಐದು ಮೈಲಿಯಲ್ಲಿ ದ್ವೀಪದ ಮುಖ್ಯ ಊರು ವಾತಿ ಇದೆ, ಅಲ್ಲಿ ಜಾಗ ಧಾರಾಳ. ಹೆಸರುಗಳ ಬಗ್ಗೆ ಎಚ್ಚರ: ಮೆಗಾನಿಸಿಯಲ್ಲೂ ಒಂದು ವಾತಿ ಇದೆ. ಲೆಫ್ಕಾಡಾದಲ್ಲೊಂದು ಸಿವೋತಾ, ಉತ್ತರಕ್ಕೆ ಗ್ರೀಸ್‌ನ ನೆಲಭಾಗದಲ್ಲಿ ಇನ್ನೊಂದು ಸಿವೋತಾ. ಹವಾಮಾನ ನೋಡುವಾಗ ಯಾವ ಊರು ಎಂದು ನಕಾಶೆಯಲ್ಲಿ ಖಾತ್ರಿ ಮಾಡಿಕೊಳ್ಳಿ.

ಬುಧವಾರ ಇಥಾಕಾದ ಉತ್ತರದ ತುದಿಯನ್ನು ಬೆಳಿಗ್ಗೆ ಎಂಜಿನ್‌ನಲ್ಲಿ ಸುತ್ತಿ, ಗಾಳಿ ಎದ್ದ ಮೇಲೆ ಇಥಾಕಾ ಮತ್ತು ಕೆಫಲೋನಿಯಾ ನಡುವಿನ ಜಲಸಂಧಿಯಲ್ಲಿ ಇಳಿಯಿರಿ. ಗಾಳಿ ಬೆನ್ನ ಹಿಂದೆ, ಎರಡೂ ಬದಿ ಬೆಟ್ಟ. ವಾರದ ಅತಿ ಸೊಗಸಾದ ಎರಡು ಗಂಟೆ ಇದು. ರಾತ್ರಿ ಕೆಫಲೋನಿಯಾದ ಅಯಿಯಾ ಎಫಿಮಿಯಾದಲ್ಲಿ. ಸಂಜೆ ಅಲ್ಲಿ ಬೆಟ್ಟದಿಂದ ಗಾಳಿ ಹಠಾತ್ತಾಗಿ ಇಳಿದು ಬರುತ್ತದೆ, ಹಗ್ಗಗಳನ್ನು ಎರಡೆರಡು ಹಾಕಿ. ಅಲ್ಲಿಂದ ಟ್ಯಾಕ್ಸಿಯಲ್ಲಿ ಮೆಲಿಸ್ಸಾನಿ ಗುಹೆಗೆ ಹೋಗಿ ಬನ್ನಿ. ಚಾವಣಿ ಕುಸಿದು ಬಿಸಿಲು ನೇರ ನೀರಿಗೆ ಬೀಳುವ ನೆಲದಡಿಯ ಸರೋವರ ಅದು. ದ್ವೀಪದ ಇನ್ನೊಂದು ಮಗ್ಗುಲಿನ ಅರ್ಗೋಸ್ತೋಲಿಯ ಬಳಿ ಸಮುದ್ರದ ನೀರು ನೆಲದ ಬಿರುಕಿನೊಳಗೆ ಇಳಿದು ಮಾಯವಾಗುತ್ತದೆ. ಅದು ಎಲ್ಲಿಗೆ ಹೋಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ. 1963ರಲ್ಲಿ ಭೂವಿಜ್ಞಾನಿಗಳು ಅದಕ್ಕೆ ಬಣ್ಣ ಬೆರೆಸಿದರು. ಎರಡು ವಾರದ ಮೇಲೆ ಆ ಬಣ್ಣ ಬೆಟ್ಟಗಳ ಅಡಿಯಲ್ಲಿ ದ್ವೀಪವನ್ನೇ ದಾಟಿ ಮೆಲಿಸ್ಸಾನಿಯಲ್ಲಿ ಕಾಣಿಸಿತು.

ಗುರುವಾರ ಫಿಸ್ಕಾರ್ಡೋ, ಹತ್ತು ಮೈಲಿ ಉತ್ತರಕ್ಕೆ, ಅಂದರೆ ಮೈಸ್ತ್ರೋಗೆ ಎದುರಾಗಿ. ಬೆಳಿಗ್ಗೆ ಏಳಕ್ಕೇ ಹೊರಡಿ. 1953ರ ಭೂಕಂಪ ಕೆಫಲೋನಿಯಾವನ್ನು ಹೆಚ್ಚುಕಡಿಮೆ ನೆಲಸಮ ಮಾಡಿತು, ಉಳಿದ ಕೆಲವೇ ಊರುಗಳಲ್ಲಿ ಇದೊಂದು. ವೆನಿಸ್ ಆಳ್ವಿಕೆಯ ಕಾಲದ ಚಹರೆಯ ಬಣ್ಣಬಣ್ಣದ ಮನೆಗಳು ನೀರಿನ ಅಂಚಿಗೇ ನಿಂತಿವೆ. ಅದಕ್ಕೇ ಎಲ್ಲರಿಗೂ ಅಲ್ಲಿ ಜಾಗ ಬೇಕು.

ಶುಕ್ರವಾರ ಉದ್ದದ ದಿನ, ಸುಮಾರು 25 ಮೈಲಿ. ಲೆಫ್ಕಾಡಾದ ಸಿವೋತಾದಲ್ಲಿ ಊಟಕ್ಕೆ ನಿಂತು, ಮತ್ತೆ ನೀದ್ರಿ ದಾಟಿ ಕಾಲುವೆಗೆ.

ಬಂದರಿಗೆ ಕಟ್ಟುವುದು

ಎಲ್ಲರೂ ಹೆದರುವುದು ಇದಕ್ಕೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೆಡಿಟರೇನಿಯನ್‌ನಲ್ಲಿ ದೋಣಿಯನ್ನು ಕಟ್ಟೆಗೆ ಪಕ್ಕದಿಂದ ಒರಗಿಸುವುದು ಕಡಿಮೆ. ಮುಂಭಾಗದಿಂದ ಲಂಗರು ಬಿಟ್ಟು, ಹಿಂದೆ ಹಿಂದೆ ಬಂದು, ಹಿಂಭಾಗವನ್ನು ಕಟ್ಟೆಗೆ ಕಟ್ಟುತ್ತಾರೆ.

ಒಳಗೆ ಹೋಗುವ ಮೊದಲೇ ಬಂದರಿನ ಹೊರಗೆ ನಿಂತು ಎಲ್ಲ ಸಿದ್ಧಮಾಡಿಕೊಳ್ಳಿ. ಎರಡೂ ಬದಿಗೆ ರಬ್ಬರಿನ ದಿಂಬುಗಳು, ಹಿಂದೆ ಎರಡು ಹಗ್ಗ, ಡಿಂಗಿಯನ್ನು ಮುಂದಕ್ಕೆ ಎಳೆದು ಕಟ್ಟಿರಬೇಕು. ಯಾರು ಏನು ಮಾಡಬೇಕೆಂದು ಹೆಸರು ಹಿಡಿದು ಹೇಳಿ. ಅಕ್ಕಪಕ್ಕದ ದೋಣಿಗಳ ಸರಪಳಿ ಯಾವ ದಿಕ್ಕಿಗೆ ಹೋಗಿದೆ ನೋಡಿ, ಅದಕ್ಕೆ ಸಮಾನಾಂತರವಾಗಿ ಬನ್ನಿ, ಇಲ್ಲವಾದರೆ ಬೆಳಿಗ್ಗೆ ಸರಪಳಿ ಸರಪಳಿಗೆ ಸಿಕ್ಕಿಕೊಳ್ಳುತ್ತದೆ. ಕಟ್ಟೆಯಿಂದ 40, 50 ಮೀಟರ್ ದೂರದಲ್ಲೇ ಲಂಗರು ಬಿಡಿ. ಹೊಸಬರು ತೀರ ಹತ್ತಿರ ಬಂದು ಬಿಡುತ್ತಾರೆ, ಆಗ ಅದು ಕಚ್ಚಿಕೊಳ್ಳುವುದಿಲ್ಲ. ನಿಧಾನವಾಗಿ ಹಿಂದೆ ಬರುತ್ತ ಸರಪಳಿ ಬಿಡುತ್ತಿರಿ. ಗಾಳಿ ಬರುವ ಬದಿಯ ಹಗ್ಗವನ್ನು ಮೊದಲು ಕಟ್ಟೆಗೆ ಕೊಡಿ. ಎರಡೂ ಹಗ್ಗ ಬಿಗಿದ ಮೇಲೆ ಸರಪಳಿಯನ್ನು ಎಳೆದು ನೋಡಿ, ಅದು ನೆಟ್ಟಗೆ ಬಿಗಿದು ನಿಂತರೆ ಲಂಗರು ಹಿಡಿದಿದೆ. ಇಷ್ಟೂ ಹೊತ್ತು ಯಾರೂ ಕಾಲಿನಿಂದ, ಕೈಯಿಂದ ದೋಣಿ ತಡೆಯಲು ಹೋಗಬಾರದು. ದೋಣಿ ಎಂಟು ಟನ್, ಗೀರು ಬಿದ್ದರೆ ಬೀಳಲಿ, ಮೂಳೆ ಮುರಿಯಬಾರದು.

ಸರಿ ಬರಲಿಲ್ಲವೋ, ಹೊರಗೆ ಹೋಗಿ ಮತ್ತೆ ಬನ್ನಿ. ಹಳಬರೂ ಹಾಗೇ ಮಾಡುತ್ತಾರೆ.

ಕೊಲ್ಲಿಯಲ್ಲಿ ಬರೀ ಲಂಗರಿನ ಮೇಲೆ ನಿಲ್ಲುವಾಗ ನೀರಿನ ಬಣ್ಣ ನೋಡಿ. ತಿಳಿ ಬಣ್ಣ ಅಂದರೆ ಮರಳು. ಕಡುಬಣ್ಣ ಅಂದರೆ ಪೊಸಿಡೋನಿಯಾ ಎಂಬ ಕಡಲ ಹುಲ್ಲು. ಮೀನಿನ ಮರಿಗಳು ಬೆಳೆಯುವುದು ಅದರಲ್ಲಿ, ಲಂಗರು ಅದನ್ನು ಬೇರುಸಹಿತ ಕೀಳುತ್ತದೆ, ನಿಧಾನವಾಗಿ ಬೆಳೆಯುವ ಆ ಹುಲ್ಲು ಮತ್ತೆ ಬರಲು ಎಷ್ಟೋ ವರ್ಷ ಬೇಕು. ಹುಲ್ಲಿನ ಮೇಲೆ ಲಂಗರು ಸರಿಯಾಗಿ ಹಿಡಿಯುವುದೂ ಇಲ್ಲ. ಒಂದು ಸಂಜೆ ನಾವು ಕತ್ತಲಾಗುವಾಗ ಬಣ್ಣ ಕಾಣದೆ ಹಾಕಿದ ಲಂಗರು ನಡುರಾತ್ರಿ ಜಾರಿತು. ಎದ್ದು ನೋಡಿದರೆ ಬಂಡೆಗಳು ಎರಡು ದೋಣಿಯುದ್ದ ದೂರದಲ್ಲಿದ್ದವು. ಮೂರಕ್ಕೆ ಮೊದಲು ಸೇರಿ ಎಂದು ನಾನು ಹೇಳುವುದು ಆ ರಾತ್ರಿಯ ನೆನಪಿನಿಂದ. ಆಳದ ಐದು ಪಟ್ಟು ಸರಪಳಿ ಬಿಡಿ, ಎಂಜಿನ್ ಹಿಂದಕ್ಕೆ ಓಡಿಸಿ ಎಳೆದು ನೋಡಿ, ಸಾಧ್ಯವಾದರೆ ಕನ್ನಡಕ ಹಾಕಿಕೊಂಡು ಈಜಿ ಹೋಗಿ ಲಂಗರು ಹೂತಿದೆಯೇ ಎಂದು ಕಣ್ಣಾರೆ ಕಾಣಿ.

ಆರೋಗ್ಯ

ಕಡಲ ತಲೆಸುತ್ತು ಬರುವವರು ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೆಳಗೆ ಕ್ಯಾಬಿನ್‌ನಲ್ಲಿ ಮಲಗಬೇಡಿ, ಮೇಲೆ ಕೂತು ದೂರದ ದಿಗಂತ ನೋಡಿ. ಚುಕ್ಕಾಣಿ ಹಿಡಿಯಲು ಕೊಟ್ಟರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ, ಇದು ನಮ್ಮ ಅಕ್ಕನ ಮೇಲೆ ಪ್ರತಿ ಸಲವೂ ಕೆಲಸ ಮಾಡಿದೆ. ಬಿಸಿಲಿಗೆ ನಾವು ಒಗ್ಗಿದವರು ಎಂಬ ಧೈರ್ಯ ಬೇಡ. ಗಾಳಿಯಲ್ಲಿ ಸುಡುವುದು ಗೊತ್ತಾಗುವುದಿಲ್ಲ, ಸಂಜೆ ಗೊತ್ತಾಗುತ್ತದೆ. ದಾರ ಕಟ್ಟಿದ ಟೋಪಿ, ಉದ್ದ ತೋಳಿನ ಹತ್ತಿ ಅಂಗಿ, ಬಿಳಿ ಅಡಿಯ ಶೂ ಇರಲಿ.

ಪ್ರತಿ ಬೆಳಿಗ್ಗೆ ಕಾಫಿಯ ಜೊತೆ ಎರಡು ಬೇರೆ ಬೇರೆ ಮುನ್ಸೂಚನೆ ನೋಡಿ. ಗ್ರೀಸ್‌ನ ಸಮುದ್ರ ಸಂಶೋಧನಾ ಕೇಂದ್ರ ನಡೆಸುವ ಪೊಸೈಡನ್, ಇನ್ನೊಂದು ನೀವು ಬಳಸುವ ಯಾವುದೇ ಆ್ಯಪ್. ಎರಡೂ ಗಾಳಿಯ ಬಲ 6 ಎಂದರೆ ಆ ದಿನ ಊರಿನಲ್ಲೇ ಉಳಿಯಿರಿ. ಒಂದು ಮಾತ್ರ 6 ಎಂದರೂ ಉಳಿಯಿರಿ.

ಮರಳುವ ಸಂಜೆ

ಶುಕ್ರವಾರ ಡೀಸೆಲ್ ಬಂಕಿನ ಮುಂದೆ ಎಲ್ಲ ಕಂಪನಿಗಳ ದೋಣಿಗಳೂ ಸಾಲು ನಿಂತಿರುತ್ತವೆ. ನಾಲ್ಕಕ್ಕೆ ತಲುಪಿದರೆ ಬೇಗ ಮುಗಿಯುತ್ತದೆ. ಎಂಜಿನ್ ಗಂಟೆಗೆ ಮೂರರಿಂದ ಐದು ಲೀಟರ್ ಕುಡಿಯುತ್ತದೆ, ವಾರಕ್ಕೆ ಎಷ್ಟು ಗಂಟೆ ಓಡಿತೆಂದು ಮೀಟರ್ ನೋಡಿ ಲೆಕ್ಕ ಹಾಕಿ ಇಟ್ಟುಕೊಳ್ಳಿ, ರಸೀದಿ ಪಡೆಯಿರಿ. ಏನಾದರೂ ಮುರಿದಿದ್ದರೆ ಒಪ್ಪಿಸುವಾಗ ನೀವೇ ಮೊದಲು ಹೇಳಿ. ಮೊದಲ ದಿನದ ಫೋಟೊಗಳನ್ನು ಕೈಯಲ್ಲಿಟ್ಟುಕೊಂಡಿರಿ. ಠೇವಣಿ ಬಿಡುಗಡೆಯ ಕಾಗದಕ್ಕೆ ಅವರ ಸಹಿ ಬಿದ್ದ ಮೇಲೆ ಮಾತ್ರ ಟ್ಯಾಕ್ಸಿ ಕರೆಯಿರಿ.

ಉಳಿದ ಅವಲಕ್ಕಿ, ಚಟ್ನಿಪುಡಿ ಪಕ್ಕದ ದೋಣಿಯವರಿಗೆ ಕೊಟ್ಟು ಬನ್ನಿ. ನಾವು ಕೊಟ್ಟಾಗ ಅವರು ಒಂದು ಬಾಟಲಿ ಆಲಿವ್ ಎಣ್ಣೆ ಕೈಗಿಟ್ಟರು.